ಜಿಗಿದ ಕಾಕಾನ ಪೂರ್ತಿ ವಿಡಿಯೋ

ವಿಜಯಶ್ರೀ ಆ ವಿಡಿಯೋವನ್ನು ಮೊದಲ ಸಲ ನೋಡಿದಾಗ ನಕ್ಕಿದ್ದಳು.

ಗುಲಬರ್ಗಾದ ಐವಾನ್-ಎ-ಶಾಹಿ ಬಡಾವಣೆಯ ಒಂದು ಬೈಕ್ ಸರ್ವಿಸ್ ಸೆಂಟರಿನಲ್ಲಿ ಅವಳಿಗೆ ಕೆಲಸ. ಗಾಡಿ ತಂದವರ ದೂರು ಕೇಳಿ ಜಾಬ್ ಕಾರ್ಡ್ ಬರೆಯಬೇಕು, ಸಂಜೆ ಗಾಡಿ ಓಡಿಸಿ ನೋಡಿ ಕೀಲಿ ಕೊಡಬೇಕು. ಅವತ್ತು ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿಗೆ ಮೆಕ್ಯಾನಿಕ್‌ಗಳೆಲ್ಲ ಒಂದೇ ಫೋನಿನ ಸುತ್ತ ತಲೆ ಸೇರಿಸಿ ಕುಳಿತಿದ್ದರು. 'ಬ್ರೇಕ್ ಬ್ಯಾಡ' ಎಂಬ ಚಾನೆಲ್ಲಿನ ಹೊಸ ವಿಡಿಯೋ, ಬರೀ ಹನ್ನೊಂದು ಸೆಕೆಂಡಿನದು. ಮುಂದಿನ ಚಕ್ರ ಎತ್ತಿಕೊಂಡ ಬೈಕೊಂದು ತಿರುವಿನಲ್ಲಿ ನುಗ್ಗಿ ಬರುತ್ತದೆ. ರಸ್ತೆಯ ಅಂಚಿನಲ್ಲಿ ಬಗ್ಗಿ ತಗ್ಗಿಗೆ ಜಲ್ಲಿ ತುಂಬುತ್ತಿದ್ದ ವಯಸ್ಸಾದವನೊಬ್ಬ ತಲೆಯೆತ್ತುತ್ತಾನೆ. ಕೈಯಲ್ಲಿದ್ದ ಪುಟ್ಟಿಯನ್ನು ಆಕಾಶಕ್ಕೆಸೆದು, ಎರಡೂ ಕಾಲು ಮಡಚಿ, ಕಪ್ಪೆಯಂತೆ ಪಕ್ಕಕ್ಕೆ ಹಾರುತ್ತಾನೆ. ಅವನು ಗಾಳಿಯಲ್ಲಿರುವಾಗಲೇ ಚಿತ್ರ ನಿಂತು ಸರ್ಕಸ್ಸಿನ ತುತ್ತೂರಿ ಊದುತ್ತದೆ. ಕೆಳಗೆ ಹಳದಿ ಅಕ್ಷರ: ಜಿಗಿದ ಕಾಕಾ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಜಯಶ್ರೀಯೂ ನಕ್ಕಳು. ಯಾರೋ "ಇನ್ನೊಮ್ಮೆ ಹಚ್ಚೋ" ಎಂದರು. ಎರಡನೇ ಸಲ ನೋಡುವಾಗ ಆ ಮನುಷ್ಯನ ಕಿತ್ತಳೆ ಜಾಕೆಟ್ಟಿನ ಒಂದು ಪಟ್ಟಿಯನ್ನು ಕೆಂಪು ದಾರದಲ್ಲಿ ಹೊಲಿದದ್ದು ಅವಳಿಗೆ ಕಂಡಿತು. ಆ ದಾರ ಅವಳ ಅವ್ವ ಪುತಳಾಬಾಯಿಯದು. ಜಾಕೆಟ್ಟಿನೊಳಗೆ ಇದ್ದವರು ಅವಳ ಅಪ್ಪ ರಾಮಣ್ಣ.

ಬಿಚ್ಚಿದ ಡಬ್ಬಿಯನ್ನು ಅಲ್ಲೇ ಬಿಟ್ಟು ಅವಳು ಹೊರಗೆ ಬಂದಳು. ಆಗಲೇ ಅವಳ ಊರು ಕಮಲಾಪುರದಿಂದ ಅವ್ವನ ಫೋನು ಬಂತು.

"ನಿಮ್ಮಪ್ಪ ಬಿದ್ದಾರ ವಿಜಯಾ. ಸೊಂಟ ಎತ್ತಾಕ ಬರವಲ್ದು. ಅಂಬುಲೆನ್ಸಿನಾಗ ಗುಲಬರ್ಗಾಕ್ಕ ತರಾಕತ್ತೇವಿ."

ರಾಮಣ್ಣನಿಗೆ ಐವತ್ತೆಂಟು. ರಸ್ತೆ ಇಲಾಖೆಯಲ್ಲಿ ಗ್ಯಾಂಗ್‌ಮನ್ ಆಗಿ ಮೂವತ್ತು ವರ್ಷ ಕಮಲಾಪುರದ ಸುತ್ತಿನ ರಸ್ತೆಗಳ ತಗ್ಗು ತುಂಬಿದವರು. ಕಡಿಮೆ ಮಾತಿನ ಮನುಷ್ಯ. ಓಣಿಯ ಬುದ್ಧವಿಹಾರದಲ್ಲಿ ಹುಣ್ಣಿಮೆಗೊಮ್ಮೆ ವಂದನೆ ಹೇಳಿಸುವವರು ಅವರೇ. ಏಪ್ರಿಲ್ ಹದಿನಾಲ್ಕರ ಮೆರವಣಿಗೆಯಲ್ಲಿ ಬಿಳಿ ಅಂಗಿ ತೊಟ್ಟು ಎಲ್ಲರಿಗಿಂತ ಮುಂದೆ ನಡೆಯುವವರೂ ಅವರೇ. ಅವರು ಬಂದರೆ ಕಟ್ಟೆಯ ಮೇಲೆ ಕುಳಿತ ಹುಡುಗರು ಕಾಲ ಮೇಲೆ ಹಾಕಿದ್ದ ಕಾಲು ಇಳಿಸುತ್ತಿದ್ದರು.

ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಡಾಕ್ಟರು ರಾಡು ಹಾಕಿದರು. ಒಂದು ತಿಂಗಳಿಗೆ ಮನೆಗೆ ಬಂದರೂ ರಾಮಣ್ಣ ಮಂಚ ಬಿಟ್ಟು ಏಳಲಿಲ್ಲ. ನೋವಿಗಿಂತ ಹೆಚ್ಚು ಅವರನ್ನು ಮಲಗಿಸಿದ್ದು ಆ ತುತ್ತೂರಿ. ಅಷ್ಟೊತ್ತಿಗೆ ವಿಡಿಯೋವನ್ನು ಮೂವತ್ತೆಂಟು ಲಕ್ಷ ಜನ ನೋಡಿಯಾಗಿತ್ತು. ಬೇರೆ ಬೇರೆ ಊರಿನ ಜನ ಪುಟ್ಟಿ ಎಸೆದು ಜಿಗಿಯುವುದನ್ನು ನಟಿಸಿ ತಮ್ಮ ತಮ್ಮ ವಿಡಿಯೋ ಹಾಕುತ್ತಿದ್ದರು. ಮದುವೆಯ ಬರಾತಿನಲ್ಲಿ ಜಿಗಿದರು, ಕಾಲೇಜಿನ ಗ್ಯಾದರಿಂಗಿನಲ್ಲಿ ಜಿಗಿದರು. ಕಮಲಾಪುರದ ಮಕ್ಕಳು ಸಾಲಿ ಬಿಟ್ಟು ಬರುವಾಗ ರಾಮಣ್ಣನ ಮನೆಯ ಮುಂದೆಯೇ ಪಾಟಿಚೀಲ ಎಸೆದು ಜಿಗಿದರು. ಪುತಳಾಬಾಯಿ ಬಡಿಗೆ ಹಿಡಿದು ಹೊರಬಂದರೆ ಅದನ್ನೂ ಯಾರೋ ಫೋನಿನಲ್ಲಿ ಹಿಡಿದರು.

ಹುಣ್ಣಿಮೆಯ ದಿನ ನಾಲ್ಕು ಜನ ಅವರನ್ನು ಕುರ್ಚಿಯ ಸಮೇತ ಎತ್ತಿಕೊಂಡು ವಿಹಾರಕ್ಕೆ ಕರೆದೊಯ್ದರು. ವಂದನೆ ನಡೆದಿರುವಾಗ ಹಿಂದೆ ಯಾರದೋ ಫೋನಿನಲ್ಲಿ ತುತ್ತೂರಿ ಊದಿತು. ಯಾರೂ ಗಟ್ಟಿಯಾಗಿ ನಗಲಿಲ್ಲ. ಆದರೆ ಎರಡು ಮೂರು ಜನರ ಹೆಗಲು ಅಲುಗಾಡಿದವು. ರಾಮಣ್ಣ ಹೇಳುತ್ತಿದ್ದ ಸಾಲನ್ನು ಅರ್ಧಕ್ಕೆ ನಿಲ್ಲಿಸಿ, "ಮನಿಗಿ ಒಯ್ರಿ ನನ್ನ" ಎಂದರು. ಆಮೇಲೆ ಅವರು ಹೊರಗೆ ಹೋಗಲೇ ಇಲ್ಲ.

ವಿಜಯಶ್ರೀ ಠಾಣೆಗೆ ಹೋದಳು. ಬೈಕಿನ ನಂಬರ್ ಪ್ಲೇಟಿಗೆ ಕಪ್ಪು ಬಟ್ಟೆ ಕಟ್ಟಿತ್ತು, ಓಡಿಸುವವನ ಕಣ್ಣಿನ ಕೆಳಗೆ ಮುಖವೆಲ್ಲ ಮುಚ್ಚುವಂತೆ ದಸ್ತಿ ಕಟ್ಟಿತ್ತು. ಬರೆದುಕೊಳ್ಳುತ್ತಿದ್ದ ಪೇದೆ ವಿಡಿಯೋ ತೋರಿಸು ಎಂದ. ನೋಡುತ್ತ ನೋಡುತ್ತ ಅವನ ತುಟಿ ಒಂದು ಬದಿಗೆ ಎಳೆದುಕೊಂಡಿತು. ಅದನ್ನು ಮುಚ್ಚಿಕೊಳ್ಳಲು ಅವನು ಕೆಮ್ಮಿ, ನಂಬರೂ ಮುಖವೂ ಇಲ್ಲದೆ ಯಾರ ಮೇಲೆ ದೂರು ಬರೆಯುವುದು ಎಂದು ಪೆನ್ನು ಕೆಳಗಿಟ್ಟ. ಅವಳು ಚಾನೆಲ್ಲಿಗೇ ಬರೆದಳು: ಆ ಮನುಷ್ಯನ ಸೊಂಟ ಮುರಿದಿದೆ, ವಿಡಿಯೋ ತೆಗೆಯಿರಿ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಕಾಕಾಗ ನಮ್ಮ ಸಲಾಂ ಹೇಳ್ರಿ. ಭಾಗ ಎರಡಕ್ಕ ತಯಾರ ಇರು ಅನ್ರಿ." ಪಕ್ಕದಲ್ಲಿ ನಗುವ ಮೂರು ಮುಖ.

ಅವತ್ತಿನಿಂದ ಅವಳಿಗೆ ನ್ಯಾಯ ಬೇಡವಾಯಿತು. ಅವನು ಬೇಕಾದ.

ಒಂದು ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದಿಂದ ಅವಳೇ ಆ ಚಾನೆಲ್ಲಿನ ಹುಚ್ಚು ಅಭಿಮಾನಿ. ಹೊರದೇಶದ ಸ್ಟಂಟ್ ವಿಡಿಯೋಗಳನ್ನೂ ಅವಳು ನೋಡಿದ್ದಳು. ಹೊಳೆಯುವ ಬೈಕು, ಮೇಲಿನಿಂದ ಹಾರುವ ಕ್ಯಾಮೆರಾ, ಸಿನಿಮಾದಂಥ ಸಂಗೀತ. ಅವು ಕಣ್ಣಿಗೆ ಹಿತವಾಗಿದ್ದರೂ ಎದೆಗೆ ತಾಗುತ್ತಿರಲಿಲ್ಲ. 'ಬ್ರೇಕ್ ಬ್ಯಾಡ' ಬೇರೆಯಾಗಿತ್ತು. ಗಾಜು ಒಡೆದ ಫೋನನ್ನು ಟೇಪಿನಿಂದ ಹೆಲ್ಮೆಟ್ಟಿಗೆ ಸುತ್ತಿ, ಇಲ್ಲವೇ ಹಿಂದೆ ಬರುವ ಯಾರೋ ಒಂದು ಕೈಯಲ್ಲಿ ಹಿಡಿದು ತೆಗೆದದ್ದು. ಚಿತ್ರ ನಡುಗುತ್ತಿತ್ತು, ಗಾಳಿ ಭರ್ರೆನ್ನುತ್ತಿತ್ತು, ಓಡಿಸುವವನ ಏದುಸಿರು ಕಿವಿಯ ಹತ್ತಿರವೇ ಕೇಳುತ್ತಿತ್ತು. ಪ್ರತಿ ವಿಡಿಯೋ ಶುರುವಾಗುವಾಗ ಅವನು "ಹಿಡಕೋ ಅಮರಾ" ಎನ್ನುತ್ತಿದ್ದ. ಶಹಾಬಜಾರದ ಸಂದಿಯಲ್ಲಿ ಎರಡು ಗೋಡೆಗಳ ನಡುವೆ ಒಂದು ಗೇಣು ಜಾಗ ಬಿಟ್ಟು ನುಗ್ಗುವಾಗ ಅವಳಿಗೆ ಗೊತ್ತಿದ್ದ ಕಿರಾಣಿ ಅಂಗಡಿ, ಗೊತ್ತಿದ್ದ ನಳ, ಗೊತ್ತಿದ್ದ ಅಜ್ಜಿಯ ಬೈಗುಳ ಎಲ್ಲವೂ ಸರ್ರನೆ ಹಾದುಹೋಗುತ್ತಿದ್ದವು. ಅವನು ಬಿದ್ದರೆ ಬಿದ್ದದ್ದನ್ನೂ ಹಾಕುತ್ತಿದ್ದ. ಇಲ್ಲಿ ಸುಳ್ಳಿಲ್ಲ, ಇವನು ನಮ್ಮವನು, ಇವನ ಹತ್ತಿರವೂ ಏನೂ ಇಲ್ಲ, ಆದರೂ ಅಂಜುವುದಿಲ್ಲ ಎನ್ನಿಸುತ್ತಿತ್ತು. ದಿನಾ ನೂರು ಗಾಡಿಗಳ ನಡುವೆ ಇದ್ದೂ ಗೇಟಿನಿಂದ ಮೂಲೆಯವರೆಗೆ ಮಾತ್ರ ಓಡಿಸಿ ನೋಡುವ ಹುಡುಗಿಗೆ ಅದು ಸಾಕಿತ್ತು. ಗಾಜಿಪುರದ ಬಾಡಿಗೆ ಕೋಣೆಯಲ್ಲಿ ಒಲೆಯ ಮೇಲೆ ಅನ್ನ ಬೇಯುವಾಗ ಅವಳು ಅವನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಈಗ ಅವೇ ಇನ್ನೂರ ಹದಿನಾಲ್ಕು ವಿಡಿಯೋಗಳನ್ನು ಅವಳು ಮೊದಲಿನಿಂದ ನೋಡತೊಡಗಿದಳು. ಬೈಕಿನ ಎಡಗಡೆಯ ಕ್ರ್ಯಾಶ್ ಗಾರ್ಡಿಗೆ ಬೆಸುಗೆ ಹಾಕಿದ ಗುರುತಿತ್ತು. ಸೈಡ್ ಪ್ಯಾನೆಲ್ಲನ್ನು ತಂತಿಯಿಂದ ಬಿಗಿದಿತ್ತು. ಚೈನಿನ ಸಪ್ಪಳ ವಿಚಿತ್ರವಾಗಿತ್ತು. ಸೆಂಟರಿನ ಹಳೆಯ ಮೆಕ್ಯಾನಿಕ್ ಝಹೀರ್‌ನಿಗೆ ಆ ಸಪ್ಪಳ ಕೇಳಿಸಿದಳು.

"ಚೈನು ಕೂಡೋ ಹಿಂದಿನ ಹಲ್ಲಿನ ಗಾಲಿ ದೊಡ್ಡದು ಹಾಕ್ಯಾರ," ಎಂದ ಝಹೀರ್. "ಮುಂದಿನ ಚಕ್ರ ಜಲ್ದಿ ಏಳಬೇಕಲ್ಲ, ಅದಕ್ಕ. ಇಂಥ ಗಾಡಿ ಊರಾಗ ನಾಕೈದು ಇರಬಹುದು. ಯಾಕ ಬೇಟಾ?"

"ಸುಮ್ಮ ಕೇಳಿದೆ ಝಹೀರ್ ಭಾಯ್."

ಹುಡುಕಾಟದ ಏಳನೇ ವಾರದಲ್ಲಿ ಗಾಡಿ ತಾನಾಗಿ ಅವಳ ಟೇಬಲ್ಲಿನ ಮುಂದೆ ಬಂದು ನಿಂತಿತು. ತಂದವನು ಇಪ್ಪತ್ತಮೂರರ ಆಸುಪಾಸಿನ ತೆಳ್ಳಗಿನ ಹುಡುಗ, ಮೊಣಕೈ ತುಂಬ ತರಚಿದ ಕಲೆ. ಕ್ರ್ಯಾಶ್ ಗಾರ್ಡಿನ ಬೆಸುಗೆ ನೋಡಿದೊಡನೆ ಅವಳ ಪೆನ್ನು ನಿಂತಿತು.

"ಹೆಸರು?"

"ಧರ್ಮರಾಜ. ಶಹಾಬಜಾರ." ಹಿಂದಕ್ಕೆ ತಿರುಗಿ ಗೆಳೆಯನಿಗೆ, "ಹೆಲ್ಮೆಟ್ ಹಿಡಕೋ ಅಮರಾ" ಎಂದ.

ಅದೇ ದನಿ. ಅವಳು ಅವನ ಫೋನ್ ನಂಬರನ್ನು ಅಂಕಿ ಅಂಕಿಯಾಗಿ ಬರೆದುಕೊಂಡಳು.

ಆ ಗಾಡಿ ಸಂಜೆಯವರೆಗೆ ಅವಳ ಸುಪರ್ದಿಯಲ್ಲಿತ್ತು. ನಾಲ್ಕು ಗಂಟೆಗೆ ಎಲ್ಲರೂ ಚಹಾಕ್ಕೆ ಹೋದಾಗ ಅವಳು ಹನ್ನೆರಡನೇ ನಂಬರಿನ ಪಾನಾ ಹಿಡಿದು ಮುಂದಿನ ಚಕ್ರದ ಪಕ್ಕ ಕುಳಿತಳು. ಬ್ರೇಕಿನ ಬೋಲ್ಟನ್ನು ಎರಡು ಸುತ್ತು ಸಡಿಲಿಸಿದರೆ ಸಾಕು. ನಾಳೆಯೋ ನಾಡಿದ್ದೋ ಯಾವುದೋ ತಿರುವಿನಲ್ಲಿ ಅವನ ಕಥೆ ಮುಗಿಯುತ್ತಿತ್ತು. ಪಾನಾ ಬೋಲ್ಟಿಗೆ ಕೂತಿತು. ಆಗ ಅವಳಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿದಂತೆ ಕಂಡಿತು. ಇವನು ಸಾಯುವ ವಿಡಿಯೋ ಬರುತ್ತದೆ. ಕೋಟಿ ಜನ ನೋಡುತ್ತಾರೆ. ಅಳುವ ಹಾಡು ಹಾಕುತ್ತಾರೆ, ಶಹಾಬಜಾರದ ತುಂಬ ಬ್ಯಾನರ್ ಕಟ್ಟುತ್ತಾರೆ, ಹುಡುಗರು ಇವನ ಹೆಸರನ್ನು ಟ್ಯಾಂಕಿನ ಮೇಲೆ ಬರೆಸಿಕೊಳ್ಳುತ್ತಾರೆ. ಅಪ್ಪ ಮಾತ್ರ ಜಿಗಿದ ಕಾಕಾನಾಗಿಯೇ ಉಳಿಯುತ್ತಾರೆ.

ಅವಳು ಬೋಲ್ಟನ್ನು ಸಡಿಲಿಸುವ ಬದಲು ಇನ್ನಷ್ಟು ಬಿಗಿ ಮಾಡಿದಳು. ಇವನು ಬದುಕಬೇಕು. ಬದುಕಿ ನಗೆಗೀಡಾಗಬೇಕು.

ಸಂಜೆ ಕೀಲಿ ಕೊಡುವಾಗ ಮೆಲ್ಲಗೆ ಕೇಳಿದಳು, "ಬ್ರೇಕ್ ಬ್ಯಾಡ ಚಾನೆಲ್ಲಿನವರು ನೀವೇ ಹೌದಿಲ್ಲ?"

ಅವನು ಬೆಚ್ಚಿ ಗೆಳೆಯನ ಮುಖ ನೋಡಿದ. ಆಮೇಲೆ ಅವನ ಮುಖ ಅರಳಿದ್ದನ್ನು ಕಂಡು, ಇಷ್ಟು ಸುಲಭವೇ ಎಂದು ಅವಳಿಗೇ ಆಶ್ಚರ್ಯವಾಯಿತು.

"ಯಾರಿಗೂ ಹೇಳಬ್ಯಾಡ್ರಿ ಅಕ್ಕ."

"ಹೇಳಂಗಿಲ್ಲ. ನಿಮ್ಮ ಗಾಡಿ ಚೈನು ವಾರಕ್ಕೊಮ್ಮೆ ಸಡಿಲ ಆಗ್ತದ, ಹಂಗ ಓಡಿಸಿದ್ರ ಒಂದಿನ ತುಂಡ ಆಗ್ತದ. ಭಾನುವಾರ ನೀವು ಹೋದಲ್ಲಿ ಬಂದು ನಾ ಸರಿ ಮಾಡಿಕೊಡ್ತೇನಿ. ನಿಮ್ಮ ಎಲ್ಲಾ ವಿಡಿಯೋ ನೋಡೀನಿ."

ಕೊನೆಯ ಮಾತು ಖರೆಯಾಗಿತ್ತು. ಅದಕ್ಕೇ ಅವರು ಅವಳನ್ನು ನಂಬಿದರು.

ಆಮೇಲಿನ ಭಾನುವಾರಗಳಲ್ಲಿ ಅವಳು ಅವರ ಜೊತೆ ಹೋದಳು. ಹೆಸರು ವಿಜಯಾ, ಮನೆ ಗಾಜಿಪುರ ಎಂದಷ್ಟೇ ಹೇಳಿದ್ದಳು. ಚಾನೆಲ್ ಎಂದರೆ ಇಬ್ಬರೇ: ಓಡಿಸುವ ಧರ್ಮರಾಜ, ಹಿಡಿಯುವ ಅಮರನಾಥ. ಅಮರನಾಥ ಇನ್ನೊಂದು ಹಳೆ ಸ್ಕೂಟರಿನಲ್ಲಿ ಹಿಂಬಾಲಿಸುತ್ತ ಒಂದು ಕೈಯಲ್ಲಿ ಫೋನು ಹಿಡಿಯುತ್ತಿದ್ದ. ನಡುಗದ ಚಿತ್ರ ತೆಗೆಯಲು ಅವನಿಗೆ ಬರುತ್ತಿತ್ತು. ಆದರೆ ಬೇಕೆಂದೇ ನಡುಗಿಸುತ್ತಿದ್ದ. "ಸಾಫ್ ಇದ್ರ ಮಂದಿ ನೋಡಂಗಿಲ್ಲ ಅಕ್ಕ. ಮಂದಿಗಿ ಅಂಜಿಕಿ ಬರಬೇಕು, ಇವ ಈಗ ಬಿದ್ದ ಈಗ ಬಿದ್ದ ಅನ್ನಿಸಬೇಕು" ಎಂದು ಅವನೇ ಹೇಳಿಕೊಟ್ಟ.

ಒಂದು ಭಾನುವಾರ ಧರ್ಮರಾಜ ಅವಳನ್ನು ಹಿಂದೆ ಕೂಡಿಸಿಕೊಂಡ. ಊರಾಚೆಯ ಪಾಳುಬಿದ್ದ ಲೇಔಟಿನ ನೇರ ರಸ್ತೆ. "ಬಿಗಿಯಾಗಿ ಹಿಡೀರಿ" ಎಂದವನೇ ಥ್ರಾಟಲ್ ತಿರುವಿದ. ಮುಂದಿನ ಚಕ್ರ ಎದ್ದಿತು. ಭೂಮಿ ಬೆನ್ನ ಹಿಂದೆ ಹೋಯಿತು, ಕಣ್ಣ ಮುಂದೆ ಬರೀ ಬಿಳಿ ಆಕಾಶ. ನಾಲ್ಕೈದು ಸೆಕೆಂಡು ಅವಳಿಗೆ ಅಪ್ಪನೂ ನೆನಪಾಗಲಿಲ್ಲ, ದ್ವೇಷವೂ ನೆನಪಾಗಲಿಲ್ಲ. ಚಕ್ರ ನೆಲಕ್ಕೆ ಬಡಿದಾಗ ತಾನು ಕೂಗುತ್ತಿದ್ದೇನೆ, ಅದೂ ಸಂತೋಷದಿಂದ, ಎಂದು ಗೊತ್ತಾಯಿತು. ಅವಳು ಇಳಿದು ಜಾಲಿಗಿಡದ ಮರೆಗೆ ಹೋಗಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ತನಗೆ ಆ ಸುಖ ಕೊಟ್ಟದ್ದಕ್ಕಾಗಿ ಅವನ ಮೇಲಿನ ಸಿಟ್ಟು ಇಮ್ಮಡಿಯಾಯಿತು.

ಚಾನೆಲ್ಲಿಗೆ ದಿನಕ್ಕೆ ಸಾವಿರ ಕಾಮೆಂಟು ಬರುತ್ತಿದ್ದವು. ಉತ್ತರ ಬರೆಯಲು ಅಮರನಾಥನಿಗೆ ಬೇಸರ. "ನೀವು ಬರೀರಿ ಅಕ್ಕ, ನಿಮ್ಮ ಅಕ್ಷರ ಚಲೋ" ಎಂದು ಪಾಸ್‌ವರ್ಡ್ ಕೊಟ್ಟ. ಇನ್ನೊಂದು ಸಲ, ಫೋನಿನಲ್ಲಿ ಜಾಗವಿಲ್ಲ, ಹಳೆಯದನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಡಿ ಎಂದು ಫೋನನ್ನೇ ಅವಳ ಕೈಗಿತ್ತ. ಇಬ್ಬರೂ ಆಚೆ ನಿಂತು ಹೊಸ ಸ್ಟಂಟಿನ ಬಗ್ಗೆ ವಾದ ಮಾಡುತ್ತಿದ್ದರು. ಅವಳು ಜಾಲಿಗಿಡದ ನೆರಳಿನಲ್ಲಿ ಕುಳಿತು ಅಪ್ಪ ಬಿದ್ದ ದಿನಾಂಕಕ್ಕೆ ಬಂದಳು. ಅಲ್ಲಿ ಒಂದು ಫೈಲು ಇತ್ತು. ಹನ್ನೊಂದು ಸೆಕೆಂಡಿನದಲ್ಲ, ಎರಡು ನಿಮಿಷ ನಲವತ್ತು ಸೆಕೆಂಡಿನದು.

ಅಪ್ಪ ಜಿಗಿದರು. ಇಲ್ಲಿ ತುತ್ತೂರಿ ಇರಲಿಲ್ಲ. ಜಲ್ಲಿಯ ರಾಶಿಯ ಮೇಲೆ ಸೊಂಟ ಬಡಿದ ಸಪ್ಪಳ ಇತ್ತು. ಬೈಕು ಮುಂದೆ ಹೋಗಿ ಓಲಾಡಿ ನಿಂತಿತು, ತಿರುಗಿ ಬಂತು. ಧರ್ಮರಾಜ ಇಳಿದು ದಸ್ತಿ ಕೆಳಗೆಳೆದ. ಮುಖ ಪೂರ್ತಿ ಕಾಣುತ್ತಿತ್ತು. ಜಲ್ಲಿಯ ಮೇಲೆ ಬಿದ್ದಲ್ಲಿಂದ ಅಪ್ಪ ಒಂದು ಕೈ ಎತ್ತಿ ಕೇಳಿದರು:

"ತಮ್ಮಾ, ನಿನಗೇನೂ ಆಗಿಲ್ಲಲ್ಲ?"

ಧರ್ಮರಾಜ ನಕ್ಕ. ಬಾಗಿ, ಮೊಣಕಾಲಿಗೆ ಕೈಯೂರಿ ನಕ್ಕ. "ಸರಿ ಬಂದಿಲ್ಲ ಕಾಕಾ, ಇನ್ನೊಮ್ಮೆ ಜಿಗಿ" ಎಂದ. ಅಮರನಾಥನ ನಗೆಯೂ ಕೇಳಿಸಿತು. ಅಪ್ಪ ಏಳಲು ನೋಡಿದರು, ಆಗಲಿಲ್ಲ. "ನೀರರೆ ಕೊಡ್ರಿ" ಎಂದರು. ಬೈಕು ಕಿಕ್ ಆಯಿತು. ಹೊರಡುವಾಗ ಹಿಂದಿನ ಪ್ಲೇಟಿಗೆ ಕಟ್ಟಿದ ಕಪ್ಪು ಬಟ್ಟೆ ಗಾಳಿಗೆ ಎದ್ದು ಪಕ್ಕಕ್ಕೆ ಸರಿಯಿತು. ನಂಬರು ಅಂಕಿ ಅಂಕಿಯಾಗಿ ಓದಲು ಬರುತ್ತಿತ್ತು.

ಅವಳು ಫೈಲನ್ನು ತನಗೆ ಕಳಿಸಿಕೊಂಡಳು. ಕಳಿಸಿದ ಗುರುತನ್ನು ಅಳಿಸಿದಳು. ಎದ್ದು ಹೋಗಿ ಧರ್ಮರಾಜನಿಗೆ ನೀರಿನ ಬಾಟಲಿ ಕೊಟ್ಟಳು. ಅವನು ಗಟಗಟನೆ ಕುಡಿಯುವುದನ್ನು ನೋಡುತ್ತ ನಿಂತಳು.

ಆದರೂ ಅವಳು ಅವಸರ ಮಾಡಲಿಲ್ಲ. ಚಾನೆಲ್ಲಿನ ಹಿಂಬಾಲಕರು ಲಕ್ಷ ಮುಟ್ಟುವುದಕ್ಕೆ ಕಾದಳು. ಅದು ಬೇಗ ಬರಲೆಂದು ಒಳ್ಳೊಳ್ಳೆಯ ಉತ್ತರ ಬರೆದಳು, ಹೊಸ ಜಾಗ ಹುಡುಕಿಕೊಟ್ಟಳು. ಮುಖ ತೋರಿಸಿದರೆ ಮಂದಿ ಇನ್ನಷ್ಟು ಪ್ರೀತಿ ಮಾಡುತ್ತಾರೆ ಎಂದು ಧರ್ಮರಾಜನ ತಲೆಯಲ್ಲಿ ಬಿತ್ತಿದಳು. ಲಕ್ಷ ಆದ ದಿನ ಅವನು ದಸ್ತಿ ತೆಗೆದು, ತನ್ನ ಹೆಸರು ಹೇಳಿ, ಕೈ ಮುಗಿದು ವಿಡಿಯೋ ಹಾಕಿದ. ಊರಿಗೆ ಊರೇ ಅವನನ್ನು ಗುರುತು ಹಿಡಿಯಿತು. ಶಹಾಬಜಾರದ ಚಹಾದಂಗಡಿಯಲ್ಲಿ ಹುಡುಗರು ಅವನ ಜೊತೆ ಫೋಟೋ ತೆಗೆಸಿಕೊಂಡರು. ಅವನ ತಾಯಿ ಯಮನಮ್ಮ ಓಣಿಗೆಲ್ಲ ಪೇಢಾ ಹಂಚಿದಳು.

ಮೂರನೆಯ ದಿನ, ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಸೆಂಟರಿನ ತನ್ನ ಟೇಬಲ್ಲಿನಲ್ಲೇ ಕುಳಿತು ವಿಜಯಶ್ರೀ ಪಾಸ್‌ವರ್ಡ್ ಬದಲಿಸಿದಳು. ಪೂರ್ತಿ ವಿಡಿಯೋ ಏರಿಸಿದಳು. ಹಳದಿ ಅಕ್ಷರದಲ್ಲಿ ಹೆಸರು ಬರೆದಳು: ಜಿಗಿದ ಕಾಕಾ, ಪೂರ್ತಿ. ಆಮೇಲೆ ಸಾಲಿನಲ್ಲಿ ನಿಂತ ಗಿರಾಕಿಯನ್ನು ಕರೆದು, "ಗಾಡಿಗೇನಾಗ್ಯಾದ್ರಿ?" ಎಂದು ಕೇಳಿದಳು.

ಮಧ್ಯಾಹ್ನದ ಹೊತ್ತಿಗೆ ಮೂರು ಲಕ್ಷ ಜನ ನೋಡಿದ್ದರು. ಮೊದಲ ಕಾಮೆಂಟುಗಳಲ್ಲಿ ಎಂದಿನ ನಗೆ. ಹತ್ತು ನಿಮಿಷ ಕಳೆದ ಮೇಲೆ ನಗೆ ನಿಂತಿತು. ಅರ್ಧ ಗಂಟೆಯ ನಂತರ ಬೈಗುಳ ಶುರುವಾಯಿತು. ಅಮರನಾಥನ ಫೋನು ಬಂತು.

"ಅಕ್ಕ, ಚಾನೆಲ್ ಯಾರೋ ಹ್ಯಾಕ್ ಮಾಡ್ಯಾರ! ಒಳಗ ಹೋಗಾಕ ಬರವಲ್ದು!"

"ಯಾರೂ ಹ್ಯಾಕ್ ಮಾಡಿಲ್ಲ. ನಾನೇ ಹಾಕೀನಿ."

"ಯಾರ್ ನೀ?"

"ಜಿಗಿದ ಕಾಕಾನ ಮಗಳು."

ಫೋನಿಟ್ಟ ಮೇಲೆ ಅವಳಿಗೆ ಹಸಿವಾಯಿತು. ತಿಂಗಳುಗಳ ನಂತರ ಮೊದಲ ಸಲ ಡಬ್ಬಿಯ ಮೂರೂ ರೊಟ್ಟಿ ತಿಂದಳು. ಮೆಕ್ಯಾನಿಕ್‌ಗಳು ಮತ್ತೆ ಫೋನಿನ ಸುತ್ತ ಕುಳಿತಿದ್ದರು. ಅವಳು ಫೋನಿನಲ್ಲಿ ಹೇಳಿದ್ದು ಅವರಿಗೆ ಕೇಳಿಸಿತ್ತು. ಝಹೀರ್ ಎದ್ದು ಬಂದು ಅವಳ ಎದುರು ನಿಂತ.

"ಅವರು ನಿಮ್ಮಪ್ಪನಾ ಬೇಟಾ?"

"ಹೌದ್ರಿ."

"ಅವತ್ತು ನಾನೂ ನಕ್ಕಿದ್ದೆ."

"ಗೊತ್ತದ," ಎಂದಳು. ನಾನೂ ನಕ್ಕಿದ್ದೆ ಎಂದು ಹೇಳುವ ಬದಲು ಡಬ್ಬಿಯ ಮುಚ್ಚಳ ಹಾಕಿದಳು.

ಮುಂದಿನದು ಅವಳು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಅದೇ ಪೇದೆ ಫೋನು ಮಾಡಿ ಕರೆದು ದೂರು ಬರೆದುಕೊಂಡ. ಈ ಸಲ ಅವನು ನಗಲಿಲ್ಲ. ಬೈಕು ಠಾಣೆಯ ಅಂಗಳ ಸೇರಿತು. ಧರ್ಮರಾಜನನ್ನು ಹಿಡಿದು ಮರುದಿನ ಜಾಮೀನಿನ ಮೇಲೆ ಬಿಟ್ಟರು. ಅಮರನಾಥ ಸೊಲ್ಲಾಪುರದ ಮಾವನ ಮನೆಗೆ ಓಡಿಹೋದ. ಆದರೆ ನಿಜವಾದ ಶಿಕ್ಷೆ ರಸ್ತೆಯಲ್ಲಿತ್ತು. ಧರ್ಮರಾಜ ಹೊರಗೆ ಬಂದರೆ ಸಾಕು, ಮೊನ್ನೆ ಫೋಟೋ ತೆಗೆಸಿಕೊಂಡ ಹುಡುಗರೇ "ಸರಿ ಬಂದಿಲ್ಲ, ಇನ್ನೊಮ್ಮೆ ಜಿಗಿ" ಎಂದು ಕೂಗುತ್ತಿದ್ದರು. ಆಟೋದವರು ಕೂಗಿದರು, ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರು ಕೂಗಿದರು. ಅವನ ನಗೆಯನ್ನೇ ಕತ್ತರಿಸಿ ಕತ್ತೆಯ ಅರಚಾಟಕ್ಕೆ ಜೋಡಿಸಿದರು. ವಿಜಯಶ್ರೀ ಪ್ರತಿದಿನ ಆ ಕಾಮೆಂಟುಗಳನ್ನು ಓದಿದಳು. ಕೆಟ್ಟದ್ದು ಸಿಕ್ಕಾಗ ನಿಂತು ಎರಡು ಸಲ ಓದಿದಳು. ಕೆಲವಕ್ಕೆ ಹೃದಯದ ಗುರುತು ಒತ್ತಿದಳು.

ಹದಿನೈದು ದಿನದ ನಂತರ ಒಂದು ಭಾನುವಾರ ಮುಂಜಾನೆ ಧರ್ಮರಾಜ ಕಮಲಾಪುರಕ್ಕೆ ಬಂದ. ಜೊತೆಗೆ ತಾಯಿ ಯಮನಮ್ಮ, ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ. ರಾಮಣ್ಣನ ಮಂಚವನ್ನು ಬಿಸಿಲಿಗೆಂದು ಅಂಗಳಕ್ಕೆ ತಂದಿದ್ದರು. ಓಣಿಯ ಜನ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು.

ಯಮನಮ್ಮ ಸೆರಗೊಡ್ಡಿದಳು. "ತಂಗೀ, ನನ್ನ ಮಗ ಹದಿನೈದು ದಿನ ಆತು ಉಂಡಿಲ್ಲ. ಮನಿ ಬಿಟ್ಟು ಹೊರಗ ಬರವಲ್ಲ. ಆ ವಿಡಿಯೋ ತೆಗಿಯವ್ವ. ಏನಾರ ಮಾಡಿಕೊಂಡಾನಂತ ಅಂಜಿಕಿ ಆಗ್ಯಾದ."

"ನಮ್ಮಪ್ಪ ಮಂಚ ಹಿಡದು ಆರು ತಿಂಗಳಾತು," ಎಂದಳು ವಿಜಯಶ್ರೀ.

ಧರ್ಮರಾಜ ರಾಮಣ್ಣನ ಕಾಲು ಮುಟ್ಟಲು ಹೋದ. ಅವಳು ನಡುವೆ ನಿಂತಳು.

"ಅವತ್ತು ನನಗ ಅಂಜಿಕಿ ಆಗಿತ್ತು ಅಕ್ಕ," ಎಂದ ಅವನು. ಅವನ ದನಿ ವಿಡಿಯೋದ ದನಿಯಂತಿರಲಿಲ್ಲ. "ಅವರು ಸತ್ತೇ ಹೋದ್ರು ಅಂದಕೊಂಡಿದ್ದೆ. ಮಾತಾಡಿದ್ದು ಕೇಳಿ ನಗು ಬಂತು. ಯಾಕ ಬಂತೋ ನನಗ ಗೊತ್ತಿಲ್ಲ."

"ನೀರು ಕೇಳಿದ್ರಲ್ಲ, ಆಗ?"

ಅವನು ಬಾಳೆಹಣ್ಣಿನ ಚೀಲವನ್ನು ಮಂಚದ ಪಕ್ಕ ಇಟ್ಟ.

"ಜಿಗಿ," ಎಂದಳು ಅವಳು.

"ಅಕ್ಕ..."

"ನಮ್ಮಪ್ಪ ಜಿಗಿದಂಗ. ಪುಟ್ಟಿ ಅಲ್ಲಿ ಅದ, ತೊಗೊ. ಜಿಗಿ."

ಮೂಲೆಯಲ್ಲಿದ್ದ ಸಗಣಿ ಪುಟ್ಟಿಯನ್ನು ಅವನು ಎತ್ತಿಕೊಂಡ. ತಾಯಿಯ ಕಡೆ ನೋಡಲಿಲ್ಲ. ಪುಟ್ಟಿ ಎಸೆದು, ಕಾಲು ಮಡಚಿ ಜಿಗಿದ. ಮಕ್ಕಳು ಕಿಸಕ್ಕನೆ ನಕ್ಕರು. ಒಬ್ಬ ಫೋನು ತೆಗೆದ.

"ಸರಿ ಬಂದಿಲ್ಲ," ಎಂದಳು. "ಇನ್ನೊಮ್ಮೆ."

ಅವನು ಮತ್ತೆ ಜಿಗಿದ. ಮೂರನೆಯ ಸಲ ಹೇಳುವ ಮೊದಲೇ ಜಿಗಿದ. ಈ ಸಲ ಕಾಲು ತಪ್ಪಿ ಮಣ್ಣಿನಲ್ಲಿ ಬಿದ್ದ. ಓಣಿಗೆ ಓಣಿಯೇ ನಕ್ಕಿತು. ಯಮನಮ್ಮ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ವಿಜಯಶ್ರೀಯ ಮೈಯೆಲ್ಲ ಬೆಚ್ಚಗಾಗಿತ್ತು. ಆರು ತಿಂಗಳಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಮುಳ್ಳೊಂದು ಹೊರಬರುತ್ತಿರುವಂತೆ ಅನ್ನಿಸಿತು.

"ಸಾಕು!" ಎಂದರು ರಾಮಣ್ಣ.

ಅಷ್ಟು ಗಟ್ಟಿ ದನಿಯನ್ನು ಓಣಿ ಬಹಳ ದಿನದಿಂದ ಕೇಳಿರಲಿಲ್ಲ. ಫೋನು ಹಿಡಿದಿದ್ದವನು ಅದನ್ನು ಜೇಬಿಗೆ ಹಾಕಿಕೊಂಡ.

"ಏಳು ತಮ್ಮಾ. ನಿಮ್ಮವ್ವನ್ನ ಕರಕೊಂಡು ನಡಿ. ವಿಜಯಾ, ಆ ವಿಡಿಯೋ ತೆಗಿ."

"ತೆಗೆಯಂಗಿಲ್ಲ ಅಪ್ಪ."

ರಾಮಣ್ಣ ಮಗಳ ಮುಖ ನೋಡಿದರು. ಹುಟ್ಟಿದಾಗಿನಿಂದ ಅವಳು ಅವರಿಗೆ ಇಲ್ಲ ಎಂದದ್ದು ಇದೇ ಮೊದಲು.

"ತೆಗೆಯಂಗಿಲ್ಲ. ಇಷ್ಟು ದಿನ ನೀವು ಮಂದಿಗೆ ಕಪ್ಪಿ ಆಗಿದ್ರಿ. ಬಿದ್ದಲ್ಲೇ ಅವನ್ನ ಕೇಳಿದ್ರಲ್ಲ, ನಿನಗೇನೂ ಆಗಿಲ್ಲಲ್ಲ ಅಂತ, ಅದನ್ನ ಮಂದಿ ಕೇಳಲಿ. ಅದು ಇರ್ತದ."

ತಾಯಿ ಮಗ ಹೊರಟುಹೋದರು. ಬಾಳೆಹಣ್ಣಿನ ಚೀಲ ಅಂಗಳದಲ್ಲೇ ಉಳಿಯಿತು. ಅದನ್ನು ಯಾರೂ ಒಳಗೆ ಒಯ್ಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಡು ತಿಂದಿತು.

ಊಟವಾದ ಮೇಲೆ ರಾಮಣ್ಣ ಮಗಳನ್ನು ಕರೆದರು. "ಆ ಹುಡುಗ ಜಿಗಿಯೋವಾಗ ಎಲ್ಲಾರೂ ಅವನ್ನ ನೋಡಾಕತ್ತಿದ್ರು. ನಾ ನಿನ್ನ ಮಾರಿ ನೋಡಾಕತ್ತಿದ್ದೆ."

"ಹ್ಯಾಂಗಿತ್ತು?"

"ಹಬ್ಬ ಬಂದಂಗಿತ್ತು."

"ಇತ್ತು ಅಪ್ಪ. ಸುಳ್ಳು ಹೇಳಂಗಿಲ್ಲ."

"ನನ್ನ ಸಲುವಾಗಿ ಮಾಡಿದೆ ಅಂತ ಮಾತ್ರ ಯಾರಿಗೂ ಹೇಳಬ್ಯಾಡ," ಎಂದು ಅವರು ಗೋಡೆಯ ಕಡೆ ಮಗ್ಗುಲಾದರು.

ಅಡುಗೆಮನೆಯಲ್ಲಿ ಪುತಳಾಬಾಯಿ ಪಾತ್ರೆ ಬೆಳಗುತ್ತಿದ್ದಳು. ಮಗಳು ಬಂದು ಪಕ್ಕ ಕುಳಿತಾಗ ತಲೆಯೆತ್ತದೆ ಹೇಳಿದಳು, "ಅವರು ಹಂಗೇ. ನಿನ್ನ ಜಾಗದಾಗ ನಾನಿದ್ರ ಹತ್ತು ಸಲ ಜಿಗಿಸ್ತಿದ್ದೆ."

ಧರ್ಮರಾಜ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಅವನ ಲೈಸೆನ್ಸು ಹೋಯಿತು. ಈಗ ಅವನು ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಚೀಲ ಹೊಲಿಯುತ್ತಾನಂತೆ. ಝಹೀರ್ ಎಲ್ಲೋ ಕೇಳಿಕೊಂಡು ಬಂದು ಹೇಳಿದ. ವಿಜಯಶ್ರೀ "ಹೌದೇನು" ಎಂದಳು, ಅಷ್ಟೇ. ವಿಡಿಯೋ ಈಗಲೂ ಇದೆ. ಸ್ಟಂಟ್ ನೋಡುವ ಚಟ ಅವಳನ್ನು ಬಿಟ್ಟಿಲ್ಲ. ಸೇಡಂ ಕಡೆಯ ಯಾರೋ ಹುಡುಗರು ಹೊಸದಾಗಿ ಶುರು ಮಾಡಿದ್ದಾರೆ, ಅವರ ಚಿತ್ರವೂ ನಡುಗುತ್ತದೆ. ಅನ್ನ ಬೇಯುವಾಗ ಅವಳು ನೋಡುತ್ತಾಳೆ. ಬೈಕಿನ ಮುಂದೆ ಯಾರಾದರೂ ಮನುಷ್ಯರು ಕಂಡರೆ ಫೋನು ಬೋರಲು ಹಾಕುತ್ತಾಳೆ.

ಧರ್ಮರಾಜ ಬಂದುಹೋದ ವಾರದಲ್ಲೇ ವಿಹಾರದವರು ಬಂದು ರಾಮಣ್ಣನ ಮುಂದೆ ಕೈಮುಗಿದು ನಿಂತು, ನೀವು ಬರದಿದ್ದರೆ ವಂದನೆ ಹೇಳಿಸುವವರಿಲ್ಲ ಎಂದರು. ಮುಂದಿನ ಹುಣ್ಣಿಮೆಗೆ ಅವರು ಬಿಳಿ ಅಂಗಿ ತೊಟ್ಟರು. ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದನ್ನು ಹೆಂಡತಿಯ ಹೆಗಲ ಮೇಲಿಟ್ಟು ಓಣಿಯಲ್ಲಿ ನಡೆದರು. ಕಟ್ಟೆಯ ಮೇಲಿನ ಹುಡುಗರು ಎದ್ದು ನಿಂತರು. ವಿಜಯಶ್ರೀ ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಅಪ್ಪ ಅವಳನ್ನು ಬಾ ಎಂದು ಕರೆದಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ.